ಮಾತಾಡಲು ಬರಬೇಕು, ಹಾಡಲು ಬರಬಾರದು

೨೦೦೩ನೇ ಇಸವಿ, ಜುಲೈ ೭, ಸೋಮವಾರ. ನನ್ನ ಆ ವರ್ಷದ ಡೈರಿಯಲ್ಲಿ ಹೀಗೆ ಬರೆದಿದೆ: "ಇಂದು ಆಸ್ಪತ್ರೆಯ ವ್ಯಾಯಾಮ ಮುಗಿಯಿತು. ಮಳೆ. ನಾಳೆಯಿಂದ ನಾವೇ ನೋಡಿಕೊಳ್ಳಬೇಕು. ಹೆದರಿಕೆ ಆಗಿದೆ, ಇವರಿಗೆ ಹೇಳಿಲ್ಲ."

ಹೃದಯದ ರೋಗಿ ಇರುವ ಮನೆಯಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ಅಂಥ ಮನೆಯಲ್ಲಿ ಒಂದು ವಾರ ಇದ್ದು ನೋಡಿಲ್ಲ. ಅಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಆಗುವಾಗ ಎದೆ ಡವಗುಟ್ಟುತ್ತದೆ. ನಗು ಬರುವುದು ಆಮೇಲೆ, ಒಮ್ಮೊಮ್ಮೆ ವರ್ಷಗಳೇ ಕಳೆದ ಮೇಲೆ. ನಾನು ಧಾರವಾಡದಲ್ಲಿ ಬಿ.ಎ. ಮಾಡಿದವಳು. ಅದೂ ನಮ್ಮ ಮನೆತನದ ಹೆಣ್ಣುಮಕ್ಕಳು ಮ್ಯಾಟ್ರಿಕ್ಕಿಗೇ ನಿಲ್ಲುತ್ತಿದ್ದ ಕಾಲದಲ್ಲಿ. ಅಂದಿನಿಂದ ಡೈರಿ ಬರೆಯುವುದನ್ನು ಬಿಟ್ಟಿಲ್ಲ. ಹಾಲಿನವನು ನೀರು ಬೆರೆಸಿದ ದಿನ, ಮಕ್ಕಳಿಗೆ ಮೊದಲ ಹಲ್ಲು ಬಂದ ದಿನ, ಎಲ್ಲ ಅದರಲ್ಲಿದೆ. ಆದ್ದರಿಂದ ಕೆಳಗೆ ಬರೆದದ್ದಕ್ಕೆ ಉಪ್ಪು ಖಾರ ಹಚ್ಚಿಲ್ಲ. ಉಪ್ಪಂತೂ ನಮ್ಮ ಮನೆಯಲ್ಲಿ ಆಗ ಬಂದ್ ಆಗಿತ್ತು.

ಇವರು ಎಂದರೆ ನಮ್ಮ ಯಜಮಾನರು, ಬ್ಯಾಂಕಿನಿಂದ ನಿವೃತ್ತರಾದವರು. ಪುಣೆಯ ಬಿಬವೇವಾಡಿಯಲ್ಲಿ ನಮ್ಮ ಮನೆ. ಆ ವರ್ಷದ ಚಳಿಯಲ್ಲಿ ಇವರಿಗೆ ಮಲಗಲು ಬಾರದಾಯಿತು. ಅಡ್ಡಾದರೆ ಉಸಿರು ಕಟ್ಟುತ್ತಿತ್ತು. ಮೊದಲು ಎರಡು ದಿಂಬು, ಆಮೇಲೆ ನಾಲ್ಕು, ಕಡೆಗೆ ಕುರ್ಚಿಯಲ್ಲಿ ಕೂತೇ ನಿದ್ದೆ. ಎರಡು ಸಲ ಆಸ್ಪತ್ರೆ ಸೇರಿ ಬಂದರು. ಡಾಕ್ಟರು 'ಹಾರ್ಟ್ ಫೇಲ್ಯೂರ್' ಎಂದಾಗ ನಾನು ಎಲ್ಲ ಮುಗಿಯಿತು ಎಂದುಕೊಂಡೆ. ಹೃದಯ ನಿಂತಿಲ್ಲ, ಅದರ ಪಂಪು ಸೋತಿದೆ, ಅದಕ್ಕೇ ನೀರು ಕಾಲಿಗೂ ಶ್ವಾಸಕೋಶಕ್ಕೂ ಇಳಿಯುತ್ತಿದೆ ಎಂದು ಅವರು ಬಿಡಿಸಿ ಹೇಳಿದರು. ಗುಳಿಗೆ ಕೊಟ್ಟು, ಆಸ್ಪತ್ರೆಯಲ್ಲೇ ಇದ್ದ ವ್ಯಾಯಾಮ ಶಾಲೆಗೆ ಹನ್ನೆರಡು ವಾರ ಬರಹೇಳಿದರು.

ಅಲ್ಲಿದ್ದ ಫಿಜಿಯೋಥೆರಪಿ ಹುಡುಗಿ ಮರಾಠಿಯವಳು, ನಮ್ಮ ಸಣ್ಣ ಮಗಳಿಗಿಂತ ಸಣ್ಣವಳು, ದನಿ ಮಾತ್ರ ಬಸ್ ಸ್ಟ್ಯಾಂಡಿನದು. ಕೊನೆಯ ದಿನ ಇವರನ್ನು ಎದುರಿಗೆ ಕೂಡಿಸಿಕೊಂಡು ಹೇಳಿದಳು (ಅವಳ ಮರಾಠಿಯನ್ನು, ಮುಂದೆ ಬರುವವರ ಮರಾಠಿಯನ್ನೂ, ನಮ್ಮ ಮಾತಿಗೆ ತಿರುಗಿಸಿ ಬರೆದಿದ್ದೇನೆ): "ಕಾಕಾ, ಇಲ್ಲೆ ನಾನು ಒದರ್ತಿದ್ದೆ ಅಂತ ನಡದ್ರಿ. ಮನಿಗೆ ಹೋದಮ್ಯಾಲೆ ಬಿಡವರ ಭಾಳ. ಬಿಟ್ಟವರು ತಿರುಗಿ ಇಲ್ಲೇ ಬರ್ತಾರ. ಆದರ ಈ ಬಾಗಿಲಿಂದ ಅಲ್ಲ, ಆ ಬಾಗಿಲಿಂದ." ಆ ಬಾಗಿಲು ಎಂದರೆ ಆಂಬುಲೆನ್ಸು ನಿಲ್ಲುವ ಬಾಗಿಲು. ನಾವು ಅದನ್ನು ಎರಡು ಸಲ ನೋಡಿದ್ದೆವು. ಮೂರನೇ ಸಲಕ್ಕೆ ಈ ಹೃದಯ ತಾಳಲಿಕ್ಕಿಲ್ಲ ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದ್ದರು.

ಹುಡುಗಿ ನನಗೆ ಮೂರು ಮಾತು ಹೇಳಿಕೊಟ್ಟಳು. ದಿನಾ ಮುಂಜಾನೆ ತೂಕ ನೋಡಬೇಕು. ಒಮ್ಮೆಲೇ ಏರಿದರೆ ಅದು ಮೈ ಬಂದದ್ದಲ್ಲ, ನೀರು ತುಂಬಿದ್ದು. ಉಪ್ಪು ಕಡಿಮೆ. ಮೂರನೆಯದು, ದಿನಾ ನಡಿಗೆ. ಎಷ್ಟು ಜೋರಾಗಿ ಎಂದು ಕೇಳಿದೆ.

"ನಡೀವಾಗ ಮಾತಾಡಾಕ ಬರಬೇಕು, ಹಾಡಾಕ ಬರಬಾರದು. ಹಾಡು ಬಂತಂದ್ರ ಇನ್ನಷ್ಟು ಜೋರ ನಡೀರಿ. ಮಾತು ಬರಲಿಲ್ಲಂದ್ರ ನಿಲ್ಲರಿ. ಇಷ್ಟ ಪರೀಕ್ಷಾ, ಕಾಕೂ."

ಇಷ್ಟು ಸರಳವಾದ ನಿಯಮವನ್ನು ಇದುವರೆಗೆ ಯಾರೂ ಹೇಳಿರಲಿಲ್ಲ ಎಂದು ಮೆಚ್ಚಿ ಬರೆದುಕೊಂಡೆ. ರಿಕ್ಷಾ ಅರ್ಧ ದಾರಿಗೆ ಬಂದಾಗ ಹೊಳೆಯಿತು: ನಮ್ಮವರು ಮಾತಾಡುವುದೇ ಇಲ್ಲವಲ್ಲ.

ಲಗ್ನವಾಗಿ ಮೂವತ್ತೈದು ವರ್ಷ ಆಗಿತ್ತು. "ಹೂಂ", "ಚಹಾ", "ದೀಪ ಆರಸು", ಇಷ್ಟರಲ್ಲಿ ನಮ್ಮ ಸಂಸಾರ ನಡೆದಿತ್ತು. ಬ್ಯಾಂಕಿನಲ್ಲಿ ಇವರ ಕೌಂಟರಿನ ಸಾಲು ಎಲ್ಲಕ್ಕಿಂತ ಬೇಗ ಸರಿಯುತ್ತಿತ್ತು ಎಂದು ಹೊಗಳುತ್ತಿದ್ದರು. ಕನ್ಯೆ ನೋಡಲು ಬಂದಾಗ ಕೂಡ ನನ್ನನ್ನು ಪ್ರಶ್ನೆ ಕೇಳಿದ್ದು ಇವರ ಸೋದರಮಾವ. ನಾನು ಬಹಳ ದಿನ ಸೋದರಮಾವನೇ ವರ ಎಂದುಕೊಂಡಿದ್ದೆ.

೧. ಪೇಷಂಟ್ ಯಾರು?

ಮರುದಿನ ಮಳೆ ನಿಂತ ಮೇಲೆ ಹೊರಟೆವು. ತರಕಾರಿ ಮಾರ್ಕೆಟ್ಟಿನ ತನಕ ಹೋಗಿ ತಿರುಗಿ ಬರುವುದು ಎಂದು ಗೊತ್ತು ಮಾಡಿದ್ದೆ. ಆಸ್ಪತ್ರೆಯಲ್ಲಾದರೆ ಎದೆಗೆ ವೈರು, ಮಗ್ಗುಲಿಗೆ ನರ್ಸು, ಗೋಡೆಗೆ ಆಕ್ಸಿಜನ್ನು. ಇಲ್ಲಿ ನಾನು, ಒಂದು ಛತ್ರಿ, ಡಾಕ್ಟರ ಫೋನ್ ನಂಬರು. ಅಷ್ಟೇ.

ತುಸು ದೂರ ಹೋದ ಮೇಲೆ ಕೇಳಿದೆ, "ದಣಿವಾತೇನ್ರಿ?"

ಉತ್ತರವಿಲ್ಲ.

"ಏನ್ರಿ, ಕೇಳಸ್ತೇನು? ದಮ್ಮು ಹತ್ತೇದೇನು?"

ಉತ್ತರವಿಲ್ಲ. ಕಣ್ಣು ರಸ್ತೆಯ ಗುಂಡಿಗಳ ಮೇಲೆ. ಇವರು ಮಾತಾಡುತ್ತಿಲ್ಲವೋ, ಮಾತಾಡಲು ಆಗುತ್ತಿಲ್ಲವೋ? ಮೂವತ್ತೈದು ವರ್ಷದಲ್ಲಿ ಈ ಪ್ರಶ್ನೆ ನನಗೆ ಎದ್ದಿರಲಿಲ್ಲ. ಈಗ ಎದ್ದ ಕೂಡಲೇ ಛತ್ರಿಯನ್ನು ಬಗಲಿಗೆ ಸೇರಿಸಿದೆ. ಅಂಗಿಯ ತುದಿ ಹಿಡಿದು ನಿಲ್ಲಿಸಿದೆ. ಬಾಗಿಲು ಹಾಕಿದ್ದ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಕೂಡಿಸಿದೆ. "ಮಾತಾಡ್ರಿ, ನಿಮ್ಮ ಕೈ ಮುಗೀತೀನಿ, ಏನರ ಒಂದು ಮಾತಾಡ್ರಿ" ಎಂದು ದನಿಯೇರಿಸಿದೆ.

ಪುಣೆಯಲ್ಲಿ ಜನ ಸೇರಲು ಅಷ್ಟು ಸಾಕು. ಹೂ ಮಾರುವವಳು ಬುಟ್ಟಿ ಬಿಟ್ಟು ಓಡಿಬಂದಳು. ಒಬ್ಬರು ಪೇಪರಿನಿಂದ ಗಾಳಿ ಹಾಕತೊಡಗಿದರು. ಇನ್ನೊಬ್ಬರು ತಂಬಿಗೆ ತಂದು ಇವರ ಬಾಯಿಗೆ ಹಿಡಿದರು. ಡಾಕ್ಟರು ನೀರಿಗೂ ಅಳತೆ ಹಾಕಿಕೊಟ್ಟಿದ್ದರಿಂದ ನಾನು ತಂಬಿಗೆ ತಳ್ಳಿದೆ. ಸಾಯುವವನಿಗೆ ನೀರು ಬೇಡ ಎನ್ನುವ ಹೆಂಡತಿಯನ್ನು ಅವರೆಲ್ಲ ಮೊದಲ ಸಲ ನೋಡುತ್ತಿದ್ದರು. "ಕಾಕಾ, ಬೋಲಾ, ಕಾಹೀತರೀ ಬೋಲಾ" ಎಂದು ಎಲ್ಲರೂ ಇವರನ್ನು ಮಾತಾಡಿಸುವವರೇ.

ಕಾಕಾ ಎಲ್ಲರ ಮುಖ ನೋಡಿದರು. ನಿಧಾನವಾಗಿ ಮರಾಠಿಯಲ್ಲಿ ಕೇಳಿದರು, "ಏನು ಮಾತಾಡ್ಲಿ?"

ಅಷ್ಟರಲ್ಲಿ ಯಾರೋ ಕರೆದ ರಿಕ್ಷಾ ಬಂತು. ಚಾಲಕ ಇಳಿದು ನೋಡಿದ. ಮೆಟ್ಟಿಲ ಮೇಲೆ ಒಬ್ಬ ಹಿರಿಯರು ಕಾಲು ಚಾಚಿಕೊಂಡು ತಣ್ಣಗೆ ಕೂತಿದ್ದಾರೆ. ಎದುರಿಗೆ ಒಬ್ಬಳು ಹೆಂಗಸು, ತುರುಬು ಬಿಚ್ಚಿದೆ, ಸೀರೆಯ ಮೇಲೆ ತಂಬಿಗೆ ನೀರು, ಏದುಸಿರು. ಅವನು ಒಂದು ಕ್ಷಣವೂ ಅನುಮಾನಿಸಲಿಲ್ಲ. ನನ್ನ ರಟ್ಟೆ ಹಿಡಿದು, "ಹೆದರಬ್ಯಾಡ್ರಿ ಆಜಿ, ಐದು ನಿಮಿಷದಾಗ ದವಾಖಾನಿ" ಎನ್ನುತ್ತ ನನ್ನನ್ನು ರಿಕ್ಷಾದಲ್ಲಿ ಕೂಡಿಸಿದ.

ನಮ್ಮವರು ಎದ್ದು ಬಂದು ಮಗ್ಗುಲಲ್ಲಿ ಕೂತರು. ಒಂದು ಮಾತೂ ಆಡಲಿಲ್ಲ.

೨. ಎದುರಾಡದ ಗಂಡ

ಮಾತು ತಾನಾಗಿ ಬರದಿದ್ದರೆ ತೆಗೆಯಬೇಕು. 'ಹೂಂ' ಎಂದು ಉತ್ತರಿಸಲು ಬಾರದಂಥ ಪ್ರಶ್ನೆಗಳನ್ನು ಹಿಂದಿನ ದಿನವೇ ಯೋಚಿಸಿ ಇಟ್ಟುಕೊಳ್ಳತೊಡಗಿದೆ. ಮಾರ್ಕೆಟ್ಟಿನ ದಾರಿಯಲ್ಲಿ ಒಂದೊಂದಾಗಿ ಕೇಳುವುದು, ಉತ್ತರದಲ್ಲಿ ಉಸಿರು ಎಷ್ಟು ಬಿಗಿಯಾಗಿದೆ ಎಂದು ನೋಡುವುದು. ನನ್ನ ಯೋಜನೆಯಲ್ಲಿ ತಪ್ಪಿರಲಿಲ್ಲ.

"ನಿಮ್ಮ ಮೊದಲನೇ ಬ್ರಾಂಚ್ ಮ್ಯಾನೇಜರು ಹೆಂಗಿದ್ರು?"

"ಎತ್ತರ."

"ಲಗ್ನದಾಗ ನಾನು ಯಾವ ಸೀರಿ ಉಟ್ಟಿದ್ದೆ?"

"ಚಲೋದು."

"ಸಣ್ಣವರಿದ್ದಾಗ ಯಾವುದಕ್ಕ ಹೆದರ್ತಿದ್ರಿ?"

ಇದಕ್ಕೆ ಬಹಳ ಹೊತ್ತು ಯೋಚಿಸಿದರು. ಒಂದು ದೊಡ್ಡ ಉತ್ತರ ಬರುತ್ತದೆಂದು ನಾನು ಕಿವಿ ನೆಟ್ಟಗೆ ಮಾಡಿಕೊಂಡು ನಡೆದೆ. ನಾವಿದ್ದ ವಸತಿ ಸೊಸೈಟಿಯ ಗೇಟು ಬಂದಾಗ ಉತ್ತರ ಬಂತು. "ಪ್ರಶ್ನಿಗೆ."

ಆದರೂ ಬಿಡಲಿಲ್ಲ. ಬಿಟ್ಟರೆ ಆ ಬಾಗಿಲು ಕಣ್ಣ ಮುಂದೆ ಬರುತ್ತಿತ್ತು. ಉತ್ತರ ಸಿಗದಿದ್ದಾಗ ನನ್ನ ದನಿ ಏರುತ್ತಿತ್ತು, ಅದು ನನಗೆ ತಿಳಿಯುತ್ತಿರಲಿಲ್ಲ. "ಹೇಳ್ರಿ, ಯಾಕ ಹೇಳವಲ್ಲಿರಿ? ಅವತ್ತು ನಿಪ್ಪಾಣಿಗೆ ಯಾರ ಜೋಡಿ ಹೋಗಿದ್ರಿ? ಯಾಕ ಸುಮ್ಮನಾದ್ರಿ?" ಎಂದು ಬೆಳಬೆಳಗ್ಗೆ ಒಬ್ಬ ನಿವೃತ್ತ ಮನುಷ್ಯನನ್ನು ಹೆಂಡತಿ ರಸ್ತೆಯುದ್ದಕ್ಕೂ ಕೇಳುತ್ತ ಹೋಗುವುದನ್ನು ಮರಾಠಿ ನೆರೆಹೊರೆ ಬಾಲ್ಕನಿಗಳಿಂದ ನೋಡುತ್ತಿತ್ತು. ಕನ್ನಡ ಅವರಿಗೆ ಬರುತ್ತಿರಲಿಲ್ಲ. ದನಿ ಅರ್ಥವಾಗುತ್ತಿತ್ತು.

ಒಂದು ಮಧ್ಯಾಹ್ನ ಸೊಸೈಟಿಯ ಅಧ್ಯಕ್ಷರ ಹೆಂಡತಿ ಕುಂಕುಮದ ನೆಪ ಮಾಡಿಕೊಂಡು ಬಂದಳು. ಚಹಾ ಕುಡಿದಳು. ಇವರು ಒಳಗೆ ಹೋಗುವುದನ್ನೇ ಕಾದು, ನನ್ನ ಕೈ ಹಿಡಿದುಕೊಂಡಳು. "ಕಾಕೂ, ಗಂಡಸರು ವಯಸ್ಸಿನ್ಯಾಗ ಏನರ ಮಾಡಿರ್ತಾರ. ಈಗ ಅವರ ಎದಿ ಮೊದಲೇ ನಾಜೂಕು. ಬಿಟ್ಟಬಿಡ್ರಿ. ನಿಪ್ಪಾಣಿದು ನಿಪ್ಪಾಣ್ಯಾಗ ಇರಲಿ."

ನಿಪ್ಪಾಣಿಗೆ ಇವರು ಹೋಗಿದ್ದು ಆಡಿಟ್ಟಿಗೆ. ನಾನು ತಲೆಯ ಮೇಲೆ ಕೈ ಹೊತ್ತು, ಮಾತಿನ ಪರೀಕ್ಷೆಯನ್ನು ಮೊದಲಿನಿಂದ ವಿವರಿಸಿ ಹೇಳಿದೆ. ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ. ಮರುದಿನ ಅವಳ ಮನೆಯ ಮುಂದೆ ಹಾಯುವಾಗ ಒಳಗಿನಿಂದ ಅವಳ ದನಿ ಕೇಳಿಸಿತು. ಗಂಡನಿಗೆ ಹೇಳುತ್ತಿದ್ದಳು: "ನೋಡ್ರಿ, ಆ ಕಾನಡಿ ಕಾಕಾನ್ನ ನೋಡಿ ಕಲೀರಿ. ಆಕಿ ಅಷ್ಟು ಒದರಿದ್ರೂ ಮನುಷ್ಯ ಒಂದು ಮಾತು ಎದುರಾಡೂದಿಲ್ಲ."

೩. ಅಕ್ಕಾವರು ಮುಚ್ಚಿಟ್ಟ ಬೂಟು

ಆಗಸ್ಟಿನಲ್ಲಿ ಇವರ ಅಕ್ಕ ಧಾರವಾಡದಿಂದ ಬಂದರು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಕೈಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ. ಅದನ್ನು ನಾನು ನಮಸ್ಕಾರ ಮಾಡುವ ಮೊದಲೇ ಇಸಿದುಕೊಂಡು ಪಕ್ಕದ ಮನೆಗೆ ದಾಟಿಸಿದ್ದು ಅವರಿಗೆ ಸೇರಲಿಲ್ಲ. ಮರುದಿನ ಮುಂಜಾನೆ ತಮ್ಮ ಬೂಟು ಹಾಕಿಕೊಳ್ಳುವುದನ್ನು ಕಂಡು ಸೊಂಟಕ್ಕೆ ಕೈಯಿಟ್ಟು ನಿಂತರು.

"ಎಲ್ಲಿಗೆ?"

"ನಡೀಲಿಕ್ಕೆ ಅಕ್ಕಾವರ" ಎಂದೆ.

"ಎದಿ ಬ್ಯಾನಿ ಮನುಷ್ಯಾನ್ನ ಮಳ್ಯಾಗ ಓಣಿ ಓಣಿ ಅಡ್ಡಾಡಸ್ತೀಯಲ್ಲ, ನಿನ್ನ ಬಿ.ಎ.ದಾಗ ಇದನ್ನ ಕಲಿಸ್ಯಾರೇನು? ಬ್ಯಾನಿ ಬಂದಾಂವ ಮಲಗಬೇಕು. ತಮ್ಮಾ, ಒಳಗ ನಡಿ."

ತಮ್ಮ ಒಳಗೆ ನಡೆದರು. ಇಷ್ಟು ಚುರುಕಾಗಿ ನಡೆದದ್ದನ್ನು ನಾನು ಮಾರ್ಕೆಟ್ಟಿನ ದಾರಿಯಲ್ಲಿ ನೋಡಿರಲಿಲ್ಲ.

ಮರುದಿನ ಬೂಟೇ ಇರಲಿಲ್ಲ. ಕಪಾಟು, ಮಂಚದ ಕೆಳಗೆ, ಬಾಲ್ಕನಿ, ಎಲ್ಲ ಹುಡುಕಿದೆ. ಅಕ್ಕಾವರು ಜಪಮಣಿ ತಿರುವುತ್ತ, "ಬೂಟಿಗೆ ಕಾಲು ಬಂದಿರಬೇಕು" ಎಂದರು. ಇವರು ಆರಾಮ ಕುರ್ಚಿಯಲ್ಲಿ ಪೇಪರು ಹಿಡಿದಿದ್ದರು. ಮಳೆ ಬಿಡದೆ ಹೊಡೆಯುತ್ತಿತ್ತು, ಕೆಲಸದವಳು ಬಂದಿರಲಿಲ್ಲ, ಬೂಟಿಲ್ಲ. ಒಂದು ದಿನ ತಪ್ಪಿತು. ಎರಡನೇ ದಿನ ತಪ್ಪಿತು. ಮೂರನೇ ಮುಂಜಾನೆ ತೂಕದ ಕಾಟಾ ಏರಿತ್ತು. ಇವರ ಧೋತರ ಸರಿಸಿ ಕಾಲು ನೋಡಿದೆ. ಕಣಕಾಲು ತುಂಬಿಕೊಂಡಿತ್ತು.

ಡಾಕ್ಟರಿಗೆ ಫೋನ್ ಹಚ್ಚಿ ಬರುವಷ್ಟರಲ್ಲಿ ಬಚ್ಚಲ ಕಡೆಯಿಂದ ಧಡ್ ಧಡ್ ಧಡ್ ಎಂದು ಸಪ್ಪಳ. ಇವರು ಬಿದ್ದರು ಎಂದೇ ತಿಳಿದೆ. ರಿಸೀವರು ಕೈಬಿಟ್ಟು ಓಡಿದೆ. ಅಕ್ಕಾವರು ಜಪಮಣಿ ಬಿಟ್ಟು ಓಡಿಬಂದರು. ಪಡಸಾಲೆಯ ಕಡೆಯಿಂದ ಇವರೂ ಬಂದರು. ಅಂದರೆ ಬಿದ್ದವರು ಇವರಲ್ಲ.

ಬಟ್ಟೆ ಒಗೆಯುವ ಮಷೀನು ಬಚ್ಚಲಲ್ಲಿ ಕುಣಿಯುತ್ತಿತ್ತು. ಅವತ್ತೇ ಬಂದಿದ್ದ ಕೆಲಸದವಳು ಒದ್ದೆ ಚಾದರುಗಳನ್ನು ಹಿಂಡಲು ಹಾಕಿ ಗುಂಡಿ ಒತ್ತಿದ್ದಳು. ಮುಚ್ಚಳ ತೆಗೆದರೆ ಚಾದರಿನ ಕೆಳಗೆ ಇವರ ಎರಡು ಬೂಟು. ಅಕ್ಕಾವರಿಗೆ ಅದು ಮಷೀನೆಂದು ಗೊತ್ತೇ ಇರಲಿಲ್ಲ. ಯಾರೂ ತೆಗೆಯದ ಡಬ್ಬಿ ಎಂದುಕೊಂಡು ಅದರಲ್ಲಿ ಮುಚ್ಚಿಟ್ಟಿದ್ದರು.

ನಾನು ಬೈಯಲಿಲ್ಲ. ಅವರ ಕೈ ಹಿಡಿದು ತಮ್ಮನ ಕಾಲ ಹತ್ತಿರ ಕರೆದೊಯ್ದೆ. "ಇಲ್ಲಿ ಹೆಬ್ಬಟ್ಟಲೆ ಒತ್ತಿ ನೋಡ್ರಿ" ಎಂದೆ. ಒತ್ತಿದರು. ತೆಗೆದರು. ಹೆಬ್ಬೆಟ್ಟಿನ ಕುಣಿ ಹಾಗೆಯೇ ಉಳಿಯಿತು. ಅಕ್ಕಾವರು ಅದು ತುಂಬಿಕೊಳ್ಳಲೆಂದು ಕಾಯುತ್ತ ನೋಡಿದರು. ಜೀವಮಾನವೆಲ್ಲ ಹೋಳಿಗೆಯ ಕಣಕ ನಾದಿದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. "ಇದು ನೀರೇನು?" ಎಂದು ಕೇಳಿದರು. "ಹೌದ್ರಿ, ಇದು ಮ್ಯಾಲೆ ಏರಿದರ ಉಸುರು ಕಟ್ಟತದ" ಎಂದೆ. ಅವರು ಧೋತರವನ್ನು ಎಳೆದು ಆ ಕುಣಿ ಮುಚ್ಚಿದರು. ಡಾಕ್ಟರು ನೀರು ಇಳಿಸುವ ಗುಳಿಗೆ ಹೆಚ್ಚಿಸಿದರು. ಕಾಲು ಇಳಿಯುವ ತನಕ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ, ಉಪ್ಪಿಲ್ಲದ್ದು ಬೇರೆ.

ಡಾಕ್ಟರು ಹೂಂ ಎಂದ ದಿನ ಮುಂಜಾನೆ ಬಾಗಿಲಲ್ಲಿ ಅಕ್ಕಾವರೇ ಛತ್ರಿ ಹಿಡಿದು ನಿಂತಿದ್ದರು. "ತಮ್ಮಾ, ಏಳು. ಬೂಟು ಹಾಕ್ಕೋ." ಅಂದಿನಿಂದ ಊರಿಗೆ ಹೋಗುವ ತನಕ ತಮ್ಮನನ್ನು ಅವರೇ ಮಾರ್ಕೆಟ್ಟಿಗೆ ನಡೆಸಿಕೊಂಡು ಹೋಗಿ ಬಂದರು. ಒಂದು ದಿನವೂ ತಪ್ಪಲಿಲ್ಲ. ದಾರಿಯುದ್ದಕ್ಕೂ ಮಾತಾಡುತ್ತಿದ್ದವರೂ ಅವರೇ.

ಫಿಜಿಯೋ ಹುಡುಗಿ ಫೋನಿನಲ್ಲಿ ವಿಚಾರಿಸಿದಳು, "ಕಾಕಾ ನಡೀವಾಗ ಮಾತಾಡಾಕ ಬರ್ತದೇನು?"

"ಗೊತ್ತಿಲ್ಲವ್ವಾ" ಎಂದೆ. "ಅವರ ಅಕ್ಕಾವರು ಉಸುರು ತಗೊಂಡಾಗ ನೋಡಿ ಹೇಳ್ತೀನಿ."

೪. ಶೇಠರ ಅರ್ಧ ಪರೀಕ್ಷೆ

ವ್ಯಾಯಾಮ ಶಾಲೆಯಲ್ಲಿ ಇವರ ಮಗ್ಗುಲಿನ ಸೈಕಲ್ಲು ಲೋಣಾವಳಾದ ಒಬ್ಬ ಚಿಕ್ಕಿ ಅಂಗಡಿ ಶೇಠರದು. ಅದೇ ಬೇನೆ, ಅದೇ ಹನ್ನೆರಡು ವಾರ. ಶೇಠರು ಮಾತಿನ ಮನುಷ್ಯ. ಜೀವನದಲ್ಲಿ ನಡುವೆ ಬಾಯಿ ಹಾಕದ ಒಬ್ಬನೇ ಕೇಳುಗ ಸಿಕ್ಕನೆಂದು ನಮ್ಮವರನ್ನು ಪ್ರಾಣಸ್ನೇಹಿತ ಮಾಡಿಕೊಂಡಿದ್ದರು. ಆಮೇಲೂ ವಾರಕ್ಕೊಮ್ಮೆ ಫೋನ್. ಇವರು ರಿಸೀವರು ಕಿವಿಗೆ ಹಿಡಿದು "ಹೂಂ" ಎನ್ನುತ್ತಿದ್ದರು, ಶೇಠರು ಅದನ್ನೇ ಸಂಭಾಷಣೆ ಎಂದು ತಿಳಿಯುತ್ತಿದ್ದರು.

ಸೆಪ್ಟೆಂಬರಿನ ಒಂದು ರವಿವಾರ ಲೋಕಲ್ ರೈಲು ಹಿಡಿದು ಅವರನ್ನು ನೋಡಲು ಹೋದೆವು. ತಳೇಗಾಂವ ದಾಟಿದ ಮೇಲೆ ಕಿಟಕಿಯಾಚೆ ಮಳೆ ಬಿಟ್ಟರೆ ಏನೂ ಕಾಣಲಿಲ್ಲ. ಶೇಠರು ಅಂಗಡಿಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು ಗಿರಾಕಿಗಳೊಂದಿಗೆ ಹರಟುತ್ತಿದ್ದರು.

"ನಡಿಗಿ ಹೆಂಗ ನಡದದ?" ಎಂದು ಕೇಳಿದೆ.

"ನಡಿಗಿ ಯಾತಕ್ಕ ಕಾಕೂ? ಆ ಹುಡುಗಿ ಏನು ಹೇಳ್ಯಾಳ? ಮಾತಾಡಾಕ ಬರಬೇಕು. ನಾನು ಅಂಗಡಿ ತೆಗೆದಾಗಿಂದ ಬಾಗಲಾ ಹಾಕೂತನಕ ಮಾತಾಡ್ತೀನಿ. ಒಮ್ಮೆರ ದಮ್ಮು ಹತ್ತಿದ್ರ ಕೇಳ್ರಿ. ದಿನಾ ಪಾಸ್ ಆಗಾಕತ್ತೀನಿ."

"ಆಕಿ ಹೇಳಿದ್ದು ನಡೀವಾಗ ಮಾತಾಡಾಕ ಬರಬೇಕಂತ."

"ಈ ಮಳ್ಯಾಗ ಲೋಣಾವಳಾದಾಗ ಎಮ್ಮೀನೂ ನಡಿಯೂದಿಲ್ಲ ಕಾಕೂ. ನಡಿಗಿ ಬಿಟ್ಟು ಉಳಿದ ಪರೀಕ್ಷಾ ಪೂರಾ ಮಾಡೀನಿ."

ಗಿರಾಕಿಗಳು ನಕ್ಕರು. ನನಗೆ ನಗು ಬರಲಿಲ್ಲ. ಕೌಂಟರಿನ ಕೆಳಗೆ ಅವರ ಕಾಲು ಕಾಣಿಸುತ್ತಿತ್ತು. ಚಪ್ಪಲಿಯ ಪಟ್ಟಿ ಪಾದದೊಳಗೆ ಹುಗಿದುಹೋಗಿತ್ತು. ಡಾಕ್ಟರಿಗೆ ತೋರಿಸಿರೆಂದು ಅವರಿಗೂ ಹೇಳಿದೆ, ಅವರ ಹೆಂಡತಿ ಶೇಠಾಣಿಗೂ ಹೇಳಿದೆ. ದೀಪಾವಳಿಯ ವ್ಯಾಪಾರ ಮುಗಿಯಲಿ ಎಂದರು. ತಿರುಗಿ ಬರುವಾಗ ಲೋಕಲಿನಲ್ಲಿ ನಮ್ಮವರು ತಮ್ಮ ಬೂಟನ್ನೇ ನೋಡಿಕೊಳ್ಳುತ್ತ ಕೂತಿದ್ದರು.

ದೀಪಾವಳಿಯ ತನಕ ಕಾಯಬೇಕಾಗಲಿಲ್ಲ. ಶೇಠಾಣಿಯ ಫೋನ್ ಬಂತು. ಶೇಠರನ್ನು ಪುಣೆಗೆ ತಂದಿದ್ದರು, ಆ ಬಾಗಿಲಿನಿಂದ.

ಹೋಗಿ ನೋಡಿದೆವು. ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿದ್ದರು. ಮೂಗು ಬಾಯಿಯ ಮೇಲೆ ಮಾಸ್ಕು. ಎದೆ ಏರಿಳಿಯುತ್ತಿತ್ತು. ನಮ್ಮನ್ನು ಕಂಡು ಏನೋ ಹೇಳಲು ಮಾಸ್ಕಿಗೆ ಕೈ ಹಾಕಿದರು, ನರ್ಸು ಗದರಿದಳು. ಆ ಮನುಷ್ಯ ಸುಮ್ಮನಿರುವುದನ್ನು ನಾನು ಅದೇ ಮೊದಲು ನೋಡಿದ್ದು. ಶೇಠಾಣಿ ಮುಖ ತಿರುಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಕ್ಸಿಜನ್ನಿನ ಗುಳುಗುಳು ಸಪ್ಪಳ ಒಂದೇ.

ನಮ್ಮವರು ಕುರ್ಚಿ ಎಳೆದುಕೊಂಡು ಮಂಚದ ಹತ್ತಿರ ಕೂತರು. ಗಂಟಲು ಸರಿಮಾಡಿಕೊಂಡರು.

"ಶೇಠ್, ನಮ್ಮ ಮಾರ್ಕೆಟ್ಟಿನ ಮೂಲಿಗೆ ಒಂದು ಕರಿ ನಾಯಿ ಅದ" ಎಂದು ಮರಾಠಿಯಲ್ಲಿ ಶುರುಮಾಡಿದರು. "ದಿನಾ ನಾನು ಹೋಗೂದನ್ನ ಕಾಯ್ತದ. ಒಂದು ದಿನ ತಪ್ಪಿದ್ರ ಮರುದಿನ ಮಾರಿ ತಿರುವತದ." ನಾಯಿಯಿಂದ ಹೂ ಮಾರುವವಳಿಗೆ ಬಂದರು, ಅವಳಿಂದ ರಸ್ತೆಯ ಗುಂಡಿಗೆ, ಗುಂಡಿಯಿಂದ ನನಗೆ. "ಈಕಿ ದಿನಾ ಪ್ರಶ್ನಿ ಕೇಳ್ತಾಳ. ಮೊದಲನೇ ಮ್ಯಾನೇಜರ್ ಹೆಂಗಿದ್ರು ಅಂತ. ಎತ್ತರ ಇದ್ರು. ಬಾಗಲಾ ಭಾಳ ಗಿಡ್ಡ ಇತ್ತು. ದಿನಾ ತಲಿ ಬಡಿಸಿಕೊಂಡು, ಒಳಗ ಬಂದು ನಮ್ಮನ್ನ ಬೈತಿದ್ರು. ಒಂದು ದಿನ ನಾವೆಲ್ಲ ಕೂಡಿ ಬಾಗಲಕ್ಕ ಒಂದು ದಿಂಬು ಕಟ್ಟಿದ್ವಿ." ಶೇಠರ ಕಣ್ಣಂಚು ಹಿಗ್ಗಿತು. "ಲಗ್ನದ ಸೀರಿ ಯಾವುದು ಅಂತ ಕೇಳ್ಯಾಳ. ಗಿಳಿಹಸರ, ಕೆಂಪು ದಡಿ. ಸೆರಗಿಗೆ ಹೋಮದ ಕಿಡಿ ಸಿಡಿದು ಜ್ವಾಳದ ಕಾಳಿನಷ್ಟು ತೂತು ಬಿದ್ದಿತ್ತು. ಆಕಿ ಅದನ್ನ ನನಗ ಕಾಣಬಾರದಂತ ಮುಷ್ಟ್ಯಾಗ ಹಿಡಕೊಂಡಿದ್ಲು. ನನಗ ಕಂಡಿತ್ತು."

ತೂತಿನ ಸಂಗತಿ ನನ್ನ ತಾಯಿಗೂ ಗೊತ್ತಿರಲಿಲ್ಲ.

ಇವರು ನಿಲ್ಲಲಿಲ್ಲ. ಸಣ್ಣವರಿದ್ದಾಗ ಬಾವಿಗೆ ಹೆದರುತ್ತಿದ್ದುದನ್ನು ಹೇಳಿದರು. ಸಣ್ಣವರಿದ್ದಾಗ ಬಾವಿಗೆ ಹೆದರುತ್ತಿದ್ದುದನ್ನು ಹೇಳಿದರು. ನಾನು ಎರಡು ತಿಂಗಳು ಕೇಳಿದ ಪ್ರಶ್ನೆಗಳಿಗೆಲ್ಲ, ಕೇಳಿದ ಕ್ರಮದಲ್ಲೇ, ಉತ್ತರ ಹೇಳುತ್ತ ಹೋದರು. ಕಡೆಗೆ, "ಎದ್ದು ಬರ್ರಿ ಶೇಠ್. ಆಕಿ ಪ್ರಶ್ನಿ ಇನ್ನೂ ಭಾಳ ಉಳದಾವ. ಒಬ್ಬನ ಕಡೆ ಮುಗಿಯೂದಿಲ್ಲ" ಎಂದರು. ಶೇಠರು ದಿಂಬಿನ ಮೇಲೆ ತಲೆ ಅಲ್ಲಾಡಿಸಿದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಹೊಟ್ಟೆ ನಗುವಿನಿಂದ ಕುಲುಕುತ್ತಿತ್ತು.

ನರ್ಸು ಪರದೆ ಸರಿಸಿ ಒಳಗೆ ಇಣುಕಿದಳು. ನೇರವಾಗಿ ನಮ್ಮವರತ್ತ ಬೆರಳು ಮಾಡಿದಳು. "ನೀವು, ಕಾಕಾ. ಎಷ್ಟು ಮಾತಾಡ್ತೀರಿ? ಬಾಯಿ ಮುಚ್ಚಿಕೊಂಡು ಕೂಡ್ರಿ, ಇಲ್ಲಾಂದ್ರ ಹೊರಗ ಹೋಗ್ರಿ."

ಬ್ಯಾಂಕಿನ ಮೂವತ್ತಾರು ವರ್ಷದಲ್ಲಿ, ಲಗ್ನದ ಮೂವತ್ತೈದು ವರ್ಷದಲ್ಲಿ, ಇವರಿಗೆ ಈ ಮಾತು ಹೇಳಿದವರು ಯಾರೂ ಇರಲಿಲ್ಲ. ಇವರು ಹೆಮ್ಮೆಯಿಂದ ನನ್ನ ಕಡೆ ನೋಡಿದರು.

೫. ಡಾಕ್ಟರು ಕೇಳಬಾರದ್ದನ್ನು ಕೇಳಿದರು

ಶೇಠರು ಎದ್ದರು. ಮನೆಗೆ ಹೋಗುವಾಗ ಎರಡು ಮೊಬೈಲು ತರಿಸಿ ಒಂದನ್ನು ಇವರ ಕೈಗೆ 'ಬೇಡ' ಎನ್ನಲು ಬಿಡದೆ ಕೊಟ್ಟರು. ಅಂದಿನಿಂದ ಮುಂಜಾನೆ ಬಿಬವೇವಾಡಿಯಲ್ಲಿ ಇವರು, ಲೋಣಾವಳಾದಲ್ಲಿ ಅವರು, ಡಾಕ್ಟರು ಹೇಳಿದಷ್ಟೇ ನಡಿಗೆ, ಕಿವಿಗೆ ಮೊಬೈಲು. ಇವರ ಉಸಿರನ್ನು ಅವರು ಕೇಳುವುದು, ಅವರ ಉಸಿರನ್ನು ಇವರು. "ಶೇಠ್, ದಮ್ಮು ಹತ್ತಿತು, ನಿಲ್ಲರಿ." "ಕಾಕಾ, ದನಿ ಭಾಳ ಆರಾಮ ಅದ, ಜೋರ ನಡೀರಿ." ನಾನು ಛತ್ರಿ ಹಿಡಿದು ಹಿಂದೆ. ನನ್ನ ಪ್ರಶ್ನೆಗಳು ಯಾರಿಗೂ ಬೇಕಾಗಿರಲಿಲ್ಲ.

ಡಿಸೆಂಬರಿನಲ್ಲಿ ಇಬ್ಬರನ್ನೂ ತಪಾಸಣೆಗೆ ಕರೆದರು. ಅಲ್ಲಿ ಒಂದು ಉದ್ದನೆಯ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ, ಎಷ್ಟು ದೂರ ಹೋದರೆಂದು ಅಳೆಯುತ್ತಾರೆ. ಜುಲೈಯಲ್ಲಿ ಅಳೆದದ್ದಕ್ಕಿಂತ ಕಡಿಮೆಯಾದರೆ ಹೃದಯ ಇನ್ನಷ್ಟು ಸೋತಿದೆ ಎಂದು ಅರ್ಥ. ಫಿಜಿಯೋ ಹುಡುಗಿ ಗಡಿಯಾರ ಹಿಡಿದು ಹೇಳಿದಳು, "ಕಾಕಾ, ಈ ಪರೀಕ್ಷಾದಾಗ ಮಾತ್ರ ಮಾತಾಡಬಾರದು. ನಡೀಬೇಕು ಅಷ್ಟ."

ಇವರು ತಲೆಯಾಡಿಸಿ ಹೊರಟರು. ಬೆಂಚಿನ ಮೇಲೆ ನಾನು, ಮಗ್ಗುಲಲ್ಲಿ ಶೇಠರು. ಮೊದಲ ಸುತ್ತಿನಲ್ಲಿ ಬೆಂಚಿನ ಮುಂದೆ ಹಾಯುತ್ತ ಇವರು, "ಶೇಠ್, ಮುಂಜಾನೆ ಅರ್ಧಕ್ಕ ಬಿಟ್ಟಿದ್ದೆ ನೋಡ್ರಿ, ಆ ಕ್ಯಾಶಿಯರಂದು" ಎಂದು ಹೋದರು. ತಿರುಗಿ ಬರುವಾಗ, "ಅಂವಾ ಏನು ಮಾಡಿದಾ ಅಂದ್ರ." ಮತ್ತೆ ಆ ತುದಿ. ಮತ್ತೆ ಈ ತುದಿ. "ಚಾವಿ ಮನ್ಯಾಗ ಬಿಟ್ಟು ಬಂದಿದ್ದಾ."

"ಕಾಕಾ, ಮಾತಾಡಬ್ಯಾಡ್ರಿ. ನೀವು ಎದ್ದು ಆ ಕಡೆ ಕೂಡ್ರಿ ಶೇಠ್."

ಶೇಠರನ್ನು ಎಬ್ಬಿಸಿ ಕಳಿಸಿದಳು. ಇವರು ಕ್ಯಾಶಿಯರನ ಕತೆಯನ್ನು ನನ್ನ ಕಡೆ ತಿರುಗಿಸಿದರು. ನನ್ನನ್ನೂ ಎಬ್ಬಿಸಿದಳು. ಕಂಬದ ಮರೆಯಿಂದ ನೋಡಿದೆ. ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಕೋಲು ಊರಿ ನಿಂತು, "ಮುಂದ ಚಾವಿ ಸಿಕ್ಕಿತೇನ್ರಿ?" ಎಂದು ಕೇಳುತ್ತಿದ್ದಳು. ಇವರು ಹೋಗುತ್ತ ಅರ್ಧ, ಬರುತ್ತ ಅರ್ಧ ಅವಳಿಗೆ ಉತ್ತರ ಹೇಳುತ್ತಿದ್ದರು. ಉಸಿರು ಕಟ್ಟಲಿಲ್ಲ. ಕಾಲು ನಿಲ್ಲಲಿಲ್ಲ. ಹುಡುಗಿ ಗಡಿಯಾರ ಒತ್ತಿ, ಟೇಪು ಹಿಡಿದು ಅಳೆದು, ಇನ್ನೊಮ್ಮೆ ಅಳೆದು ನನ್ನ ಹತ್ತಿರ ಬಂದಳು. ನಾನು ಅವಳ ಮುಖ ನೋಡಲಾರದೆ ಅವಳ ಕೈಯ ಟೇಪನ್ನು ನೋಡಿದೆ.

"ಜುಲೈಕಿಂತ ಭಾಳ ಮುಂದ ಹೋಗ್ಯಾರ, ಕಾಕೂ" ಎಂದಳು. "ಸುಮ್ಮನಿದ್ದಿದ್ರ ಇನ್ನೂ ಮುಂದ ಹೋಗ್ತಿದ್ರು."

ನಾನು ಆ ಅಳತೆಯನ್ನು ಡೈರಿಗೆಂದು ಬರೆದುಕೊಂಡೆ. ಅಷ್ಟರಲ್ಲಿ ಇವರನ್ನು ಡಾಕ್ಟರ ಕೋಣೆಗೆ ಕರೆದಿದ್ದರು. ನಾನು ಒಳಗೆ ಹೋಗುವ ಮೊದಲೇ ಡಾಕ್ಟರು, ಪಾಪ, ಎಂದಿನಂತೆ ಕೇಳಿಬಿಟ್ಟಿದ್ದರು: "ಹೆಂಗಿದ್ದೀರಿ ಕಾಕಾ?"

ಹೊರಗೆ ಕಾಯುವವರ ಸಾಲು ಲಿಫ್ಟಿನ ತನಕ ಬೆಳೆಯಿತು. ಕಂಪೌಂಡರ್ ಮೂರು ಸಲ ಬಾಗಿಲು ತೆಗೆದು ನೋಡಿ ಹೋದ. ಡಾಕ್ಟರು ಇವರನ್ನು ಸುಮ್ಮನಾಗಿಸಲು ಎದೆಗೆ ಸ್ಟೆತಸ್ಕೋಪು ಹಚ್ಚಿ "ಉಸುರು ಹಿಡೀರಿ" ಎಂದರು. ಹಿಡಿದರು. ಬಿಡಿ ಎಂದ ಕೂಡಲೇ ನಿಂತಲ್ಲಿಂದ ಕತೆ ಮುಂದುವರಿಯಿತು. ಡಾಕ್ಟರು ಇನ್ನೊಮ್ಮೆ ಹಿಡಿಯಿರಿ ಎಂದರು. ಅವರಿಗೆ ತಪಾಸಣೆ ಎಂದೋ ಮುಗಿದಿತ್ತು. ಅದು ನನಗೂ ಅವರಿಗೂ ಗೊತ್ತಿತ್ತು.

ಹೊರಡುವಾಗ ಡಾಕ್ಟರು ಮೆಲ್ಲನೆ ನನಗೆ ಹೇಳಿದರು, "ಮೊದಲು ಬಂದಾಗ ಇವರು ಮಾತೇ ಆಡುತ್ತಿರಲಿಲ್ಲ. ಅದು ಬೇನೆಯ ನಿಶ್ಶಕ್ತಿ ಎಂದುಕೊಂಡಿದ್ದೆ."

"ಅಲ್ಲ ಡಾಕ್ಟರ್" ಎಂದೆ. "ಅದು ಆರೋಗ್ಯ ಇದ್ದಾಗಿಂದು."

ಹೃದಯ ಮೊದಲಿನಂತೆ ಆಗಿಲ್ಲ, ಆಗುವುದೂ ಇಲ್ಲ, ನಡಿಗೆ ನಿಲ್ಲಿಸಿದರೆ ನೀರು ಮತ್ತೆ ಬರುತ್ತದೆ ಎಂದು ಅವರು ಎಚ್ಚರಿಸಿದರು. ಅದನ್ನೂ ಬರೆದುಕೊಂಡೆ.

ಈ ನಡಿಗೆಗೆ ಒಟ್ಟು ಏನು ಖರ್ಚಾಯಿತು ಎನ್ನುವುದನ್ನು ಆ ವರ್ಷದ ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ಎರಡು ಜೊತೆ ಬೂಟು. ಅದರಲ್ಲಿ ಒಂದು ಜೊತೆ ಮಷೀನಿನ ಪಾಲು. ಒಂದು ತೂಕದ ಕಾಟಾ. ಗಾಳಿಗೆ ತಿರುವಿಹೋದ ಒಂದು ಛತ್ರಿ. ಅಕ್ಕಾವರ ಒಂದು ಭರಣಿ ಉಪ್ಪಿನಕಾಯಿ. ನಿಪ್ಪಾಣಿಯ ವಿಷಯದಲ್ಲಿ ಇವರಿಗಿದ್ದ ಒಳ್ಳೆಯ ಹೆಸರು; ಅದನ್ನು ಸೊಸೈಟಿಯವರು ಇನ್ನೂ ತಿರುಗಿ ಕೊಟ್ಟಿಲ್ಲ. ಮತ್ತು ನಮ್ಮ ಮನೆಯ ಮೂವತ್ತೈದು ವರ್ಷದ ನಿಶ್ಶಬ್ದ.

ಮೊದಲು ನಾನು ಮುಂಜಾನೆಯ ಚಹಾದ ಜೊತೆ ಪೇಪರು ಓದುತ್ತಿದ್ದೆ. ಈಗ ಅದು ಸಾಧ್ಯವಿಲ್ಲ. ಮಧ್ಯಾಹ್ನ ಇವರು ಮಲಗಿದ ಮೇಲೆ ಓದುತ್ತೇನೆ. ಅಡ್ಡಾಗಿಯೇ ಮಲಗುತ್ತಾರೆ, ಒಂದೇ ದಿಂಬು.